ಹಾಡು ಹಚ್ಚಿದರೆ ಜುಮ್ ಅನ್ನುವ ಫ್ರಿಜ್ಜು

ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿನ ಮುಂದೆ ಒಂದು ಜೊತೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಇದೆ. ಮನೆಯೊಳಗೆ, ಅದೂ ದೇವರ ಜಗಲಿಯಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ಚಪ್ಪಲಿ ಬಿಟ್ಟಿರುವುದನ್ನು ಕಂಡು ಬಂದವರು ಹುಬ್ಬೇರಿಸುತ್ತಾರೆ. ಬಾಯಿಬಿಟ್ಟು ಕೇಳಿದವರಿಗೆ ನನ್ನ ಹೆಂಡತಿ ಶೋಭಾ, "ಅವರನ್ನೇ ಕೇಳ್ರಿ" ಎಂದು ನನ್ನ ಕಡೆ ಬೆರಳು ಮಾಡಿ ಒಳಗೆ ಹೋಗುತ್ತಾಳೆ. ನಾನು ಇಷ್ಟು ದಿನ ಏನೇನೋ ಹೇಳಿ ಪಾರಾಗಿದ್ದೇನೆ. ನೆಲ ತಣ್ಣಗಿರುತ್ತದೆ, ಟೈಲ್ಸು ಜಾರುತ್ತದೆ, ಡಾಕ್ಟರು ಹೇಳಿದ್ದಾರೆ, ಹೀಗೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ, ಏಕೆಂದರೆ ನೀವು ನಮ್ಮ ಮನೆಗೆ ಬರುವವರಲ್ಲ.

ನನಗೆ ಹಾಡಲು ಬರುವುದಿಲ್ಲ, ಬಾರಿಸಲು ಬರುವುದಿಲ್ಲ, ಯಾವ ರಾಗ ಎಂದು ಗುರುತಿಸಲೂ ಬರುವುದಿಲ್ಲ. ಇಷ್ಟೆಲ್ಲ ಬಾರದ ಮನುಷ್ಯ ಸಂಗೀತಕ್ಕಾಗಿ ಏನು ಮಾಡಬಹುದು? ದೊಡ್ಡ ಸ್ಪೀಕರ್ ತಂದಿಟ್ಟುಕೊಳ್ಳಬಹುದು. ನಾನು ಅದನ್ನೇ ಮಾಡಿದೆ. ಹೊಟ್ಟೆಪಾಡಿಗೆ ನಾನು ಬೀದರಿನಲ್ಲಿ ಸರ್ವೇಯರ್. ಹಗಲೆಲ್ಲ ಮಂದಿಯ ಹೊಲ ಅಳೆಯುತ್ತೇನೆ, ಅಣ್ಣತಮ್ಮಂದಿರ ನಡುವೆ ಕಲ್ಲು ನೆಡಿಸುತ್ತೇನೆ. ಬೀದರಿನ ಕೆಂಪು ಮುರುಮು, ಭಾಲ್ಕಿ ಮತ್ತು ಔರಾದಿನ ಕರಿ ಎರೆಮಣ್ಣು, ಎರಡರ ಗುಣವೂ ನನಗೆ ಬಾಯಿಪಾಠ. ಕೆಂಪು ನೆಲದಲ್ಲಿ ನೀರು ನಿಲ್ಲುವುದಿಲ್ಲ, ಕರಿ ನೆಲ ನೀರನ್ನು ಬಿಡುವುದಿಲ್ಲ. ಈ ಮಾತು ಸುಮ್ಮನೆ ಹೇಳಿದ್ದಲ್ಲ, ಮುಂದೆ ನನ್ನ ಮಾನ ಕಳೆಯಲಿಕ್ಕೆ ಬೇಕಾಗುತ್ತದೆ.

ಸಂಜೆ ಬೂಟು ಬಿಚ್ಚಿದ ಕೂಡಲೇ ನಾನು ಬೇರೆಯೇ ಮನುಷ್ಯ. ಹಾಲ್‌ನ ಕಿಟಕಿ ಪಕ್ಕದಲ್ಲಿ ಒಂದು ಹಳೆಯ ಕಂಪ್ಯೂಟರ್, ಅದಕ್ಕೊಂದು ಆಂಪ್ಲಿಫೈಯರ್, ಅದರ ಎರಡೂ ಬದಿಗೆ ಮೊಣಕಾಲೆತ್ತರದ ಸ್ಪೀಕರ್. ಕಿಟಕಿಯ ಆ ಜಾಗದಲ್ಲಿ ಮೊದಲು ಶೋಭಾಳ ಹೊಲಿಗೆ ಮಷೀನು ಇತ್ತು. ಬೆಳಕು ಚೆನ್ನಾಗಿ ಬೀಳುವ ಜಾಗ. ಆದರೆ ಸ್ಪೀಕರುಗಳಿಗೂ ಅದೇ ಜಾಗ ಬೇಕು ಎಂದು ನಾನೆಲ್ಲೋ ಓದಿದ್ದೆ. ಹೊಲಿಗೆ ಮಷೀನು ಅಡುಗೆಮನೆಯ ಮೂಲೆಗೆ, ಫ್ರಿಜ್ಜಿನ ಪಕ್ಕಕ್ಕೆ ಹೋಯಿತು. ಅವಳು ಅಲ್ಲಿ ಬಲ್ಬಿನ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುವಾಗ ನಾನು ಇಲ್ಲಿ ಬಿಸಿಲಿನಲ್ಲಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ. ಬೆಳಕಿನ ಸದುಪಯೋಗ ಎಂದರೆ ಹೀಗಿರಬೇಕು ನೋಡಿ.

ಆ ಕಂಪ್ಯೂಟರಿನಲ್ಲಿ ನನ್ನ ಮೂರು ವರ್ಷದ ದುಡಿಮೆ ಇತ್ತು. ನಾನೂ ಮಿಲಿಂದನೂ ಹಾಸ್ಟೆಲ್ ದಿನಗಳಿಂದ ಕೂಡಿಹಾಕಿದ ಕ್ಯಾಸೆಟ್ಟುಗಳನ್ನೆಲ್ಲ ಒಂದೊಂದಾಗಿ ಓಡಿಸಿ ಡಿಸ್ಕಿಗೆ ಇಳಿಸಿದ್ದೆ. ಯಾವ ಊರಿನ ಭಜನೆ, ಯಾರ ಮನೆಯ ತೊಟ್ಟಿಲ ಪದ, ಹಿಂದೆ ಕೆಮ್ಮಿದವರು ಯಾರು, ಎಲ್ಲ ಕನ್ನಡದಲ್ಲಿ ಟೈಪು ಮಾಡಿದ್ದೆ. ಮಿಲಿಂದ ಈಗ ಭಾಲ್ಕಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಆಗ ನಾವಿಬ್ಬರೂ ಬೀದರಿನ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದೆವು, ಇಬ್ಬರ ನಡುವೆ ಒಂದೇ ಟೇಪ್‌ರೆಕಾರ್ಡರ್. ಅದರ ಹೆಡ್ ಒರೆಸಬೇಕೆಂದು ಗೊತ್ತಿತ್ತು, ಯಾವುದರಿಂದ ಎಂದು ಗೊತ್ತಿರಲಿಲ್ಲ. ಊರ ನಡುವಿನ ಚೌಬಾರಾ ಗೋಪುರದ ಹತ್ತಿರದ ಅಂಗಡಿಯಿಂದ ಒಂದು ಚಿಕ್ಕ ಶೀಷೆ ಅತ್ತರು ತಂದು ಹಚ್ಚಿದೆವು. ಆಮೇಲೆ ವರ್ಷಗಟ್ಟಲೆ ನಮ್ಮ ಭಜನೆಗಳೆಲ್ಲ ಖಸ್ ಅತ್ತರಿನ ವಾಸನೆ ಹೊಡೆದವು. ದನಿ ಮಾತ್ರ ಮೊದಲಿಗಿಂತ ಮೃದುವಾಗಿದೆ ಎಂದು ಇಬ್ಬರೂ ಒಪ್ಪಿಕೊಂಡಿದ್ದೆವು. ನಮ್ಮ ಕಿವಿಗಳ ಯೋಗ್ಯತೆ ಆಗಲೇ ಗೊತ್ತಾಗಬೇಕಿತ್ತು.

ಇಂಥ ಮಿಲಿಂದ ಒಂದು ಭಾನುವಾರ ಭಾಲ್ಕಿಯ ಬಸ್ಸಿನಿಂದ ಇಳಿದು ಬಂದು ಚೀಲದಿಂದ ಒಂದು ಕರಿ ಡಬ್ಬಿ ತೆಗೆದ. ಊಟದ ಡಬ್ಬಿಯಷ್ಟು ಗಾತ್ರ. ಹೆಸರು ಸ್ಟ್ರೀಮರ್. ಮನೆಯ ವೈಫೈಗೆ ಕೂಡಿಸಿ, ಆಂಪ್ಲಿಫೈಯರಿಗೆ ಒಂದು ತಂತಿ ಹಚ್ಚಿದರೆ ಮುಗಿಯಿತು. ಫೋನಿನಲ್ಲಿ ಬೆರಳಾಡಿಸಿದರೆ ಜಗತ್ತಿನ ಹಾಡೆಲ್ಲ ಅದರಿಂದ ಬರುತ್ತದೆ. ಕಂಪ್ಯೂಟರ್ ಬೇಡ, ಕೀಬೋರ್ಡ್ ಬೇಡ. ಇಂಥವು ಎರಡು ತರಿಸಿದ್ದನಂತೆ, ತನಗೊಂದು, ನನಗೊಂದು.

"ನಿನ್ನ ಆ ಭಂಗಾರ್, ಆ ಗುಜರಿ ಸಾಮಾನು, ಎತ್ತಿ ಇಡು. ಕಂಪ್ಯೂಟರ್ ಇರೋದು ಹಾಡು ಕೇಳ್ಲಿಕ್ಕ ಅಲ್ಲ" ಎಂದ.

ಸ್ನೇಹಿತ ಉಡುಗೊರೆ ತಂದಾಗ ಮನುಷ್ಯರಾದವರು ಏನು ಮಾಡುತ್ತಾರೆ? ಸಂತೋಷಪಡುತ್ತಾರೆ. ನಾನು ಅವಮಾನಪಟ್ಟೆ. ಮೂರು ವರ್ಷದ ಕೆಲಸವನ್ನು ಊಟದ ಡಬ್ಬಿಯೊಂದು ಗುಡಿಸಿ ಹಾಕುತ್ತದೆಂದರೆ ಹೇಗೆ? ಅವನು ಇನ್ನೂ ಏನೋ ಹೇಳುತ್ತಿದ್ದ, ಡಿಸ್ಕು ಗಿಸ್ಕು ಎಂದು. ನಾನು ಕೇಳಿಸಿಕೊಳ್ಳಲಿಲ್ಲ.

ಡಬ್ಬಿ ಹಚ್ಚಿ ನೋಡಿದೆವು. ನಿಜ ಹೇಳಬೇಕೆಂದರೆ ಒಂದು ವ್ಯತ್ಯಾಸ ಇತ್ತು. ನನ್ನ ಕಂಪ್ಯೂಟರಿನಿಂದ ಹಾಡಿನ ಹಿಂದೆ ಸಣ್ಣಗೆ ಗುಂಯ್ ಎಂಬ ದನಿ ಬರುತ್ತಿತ್ತು. ಸ್ಟ್ರೀಮರಿನಿಂದ ಬರುತ್ತಿರಲಿಲ್ಲ. ಆ ಗುಂಯ್ ನನಗೆ ಹೊಸದಲ್ಲ, ಎರಡು ವರ್ಷದಿಂದ ಇತ್ತು. ಬಂದ ಅತಿಥಿಗಳಿಗೆ ಅದನ್ನು ನಾನು ತಂಬೂರಿ ಎಂದು ಪರಿಚಯಿಸುತ್ತಿದ್ದೆ. ಬರೀ ಡೊಳ್ಳಿನ ಪದ ಹಾಕಿದಾಗಲೂ ತಂಬೂರಿ ಎಂದೇ ಹೇಳುತ್ತಿದ್ದೆ, ಅವರು ತಲೆದೂಗುತ್ತಿದ್ದರು.

"ಕಂಪ್ಯೂಟರಿನ ಜಾತಕನೇ ಹಂಗ. ಒಳಗ ಗದ್ದಲ ಭಾಳ" ಎಂದು ಭೌತಶಾಸ್ತ್ರದ ಮಾಸ್ತರ ತೀರ್ಪು ಕೊಟ್ಟ.

ನಾನು ಬಿಡುವವನೇ? ಮುಂದಿನ ಭಾನುವಾರ ಕಂಪ್ಯೂಟರನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಭಾಲ್ಕಿಗೆ ಹೋದೆ. ಪಕ್ಕದಲ್ಲಿ ಕೂತಿದ್ದ ಅಜ್ಜ "ಪೇಶಂಟ್ ಯಾರ್ರಿ?" ಎಂದು ಕೇಳಿದ. ಮಿಲಿಂದನ ಮನೆಯಲ್ಲಿ, ಮಿಲಿಂದನ ಆಂಪ್ಲಿಫೈಯರಿಗೆ ಹಚ್ಚಿದರೆ ಗುಂಯ್ ಇಲ್ಲ! ತೊಟ್ಟಿಲ ಪದದಲ್ಲಿ ತೊಟ್ಟಿಲಿನ ಕಿರ್ ಕೂಡ ಸ್ಪಷ್ಟವಾಗಿ ಕೇಳಿಸಿತು. ನಾನು ಮೀಸೆ ತಿರುವಿದೆ. ಬೀದರಿಗೆ ತಂದು ಹಚ್ಚಿದೆ, ಗುಂಯ್.

ಇಲ್ಲಿಂದ ಮುಂದೆ ನಾವಿಬ್ಬರು ಓದಿದವರು ಏನೇನು ಕಾರಣ ಹುಡುಕಿದೆವೆಂದು ಹೇಳಲು ನಾಚಿಕೆಯಾಗುತ್ತದೆ. ಬೀದರು ಭಾಲ್ಕಿಗಿಂತ ಎತ್ತರದಲ್ಲಿದೆ, ಗಾಳಿ ತೆಳು, ಅದಕ್ಕೇ ಎಂದು ಸರ್ವೇಯರನಾದ ನಾನು ವಾದಿಸಿದೆ. ಬೀದರಿನಲ್ಲಿ ವಿಮಾನಪಡೆಯ ತರಬೇತಿ ವಿಮಾನಗಳು ಹಾರುತ್ತವಲ್ಲ, ಅವುಗಳ ಕಂಪನ ಇರಬೇಕು ಎಂದು ಮಿಲಿಂದ ಅಂದ. ಭಾನುವಾರ ಅವು ಹಾರುವುದಿಲ್ಲ ಎಂದು ಶೋಭಾ ಒಳಗಿಂದ ಹೇಳಿದಳು. ಅವಳ ಮಾತಿಗೆ ನಾವಿಬ್ಬರೂ ಲಕ್ಷ್ಯ ಕೊಡಲಿಲ್ಲ. ಸಂಗೀತದ ವಿಷಯ ಅವಳಿಗೇನು ತಿಳಿಯಬೇಕು?

ಆ ವಿಷಯದಲ್ಲಿ ಅವಳು ಆಗಲೇ ನನ್ನ ಕಣ್ಣಿನಲ್ಲಿ ಅರ್ಹತೆ ಕಳೆದುಕೊಂಡಿದ್ದಳು. ಯಾಕೆಂದರೆ ಎರಡು ವರ್ಷದಿಂದ ಅವಳದೊಂದು ತಕರಾರಿತ್ತು.

"ಏನ್ರಿ, ನೀವು ಹಾಡು ಹಚ್ಚಿದಾಗೇ ಈ ಫ್ರಿಜ್ ಜುಮ್ ಅಂತದ. ಕೈ ಜಿಣಿಜಿಣಿ ಆಗ್ತದ."

"ನನ್ನ ಹಾಡು ಬ್ಯಾಡಂದ್ರ ಸೀದಾ ಹೇಳು. ಫ್ರಿಜ್ಜಿನ ಮ್ಯಾಲೆ ಯಾಕ ಹಾಕ್ತಿ?" ಎಂದು ನಾನು.

"ಖರೇನೇ ಅಂತದ್ರಿ. ಮುಟ್ಟಿ ನೋಡ್ರಿ."

ಒಂದು ಸಲ ಹೋಗಿ ಮುಟ್ಟಿಯೂ ನೋಡಿದೆ, ಇಲ್ಲವೆನ್ನಬೇಡಿ. ಏನೂ ಆಗಲಿಲ್ಲ. ಮನೆಯೊಳಗೆ ಹಾಕುವ ದಪ್ಪ ರಬ್ಬರಿನ ಚಪ್ಪಲಿ ನನ್ನ ಕಾಲಿನಲ್ಲಿತ್ತು. ನೆಲದ ತಣುವು ತಾಕಿದರೆ ಕಿವಿಯ ಸೂಕ್ಷ್ಮ ಹೋಗುತ್ತದೆಂದು ನಾನು ಬರಿಗಾಲಿನಲ್ಲಿ ಇರುತ್ತಿರಲಿಲ್ಲ. ಆಮೇಲೆ ಅವಳೇ ಒಂದು ಜೊತೆ ಹವಾಯಿ ಚಪ್ಪಲಿ ತಂದು ಫ್ರಿಜ್ಜಿನ ಮುಂದಿಟ್ಟುಕೊಂಡಳು. ಹಾಲು ತೆಗೆಯಬೇಕಾದರೆ ಮೊದಲು ಚಪ್ಪಲಿ ಮೆಟ್ಟುವುದು, ಆಮೇಲೆ ಬಾಗಿಲು ತೆಗೆಯುವುದು. ನಾನು ಈ ದೃಶ್ಯವನ್ನು ಮಿಲಿಂದನ ಮುಂದೆ ನಟಿಸಿ ತೋರಿಸಿ ನಗಿಸಿದ್ದೇನೆ. ಅವನೂ ನಕ್ಕಿದ್ದಾನೆ, ಭೌತಶಾಸ್ತ್ರದ ಮಾಸ್ತರ.

ನಮ್ಮ ಜಗಳ ತಾರಕಕ್ಕೆ ಹೋಯಿತು. ಕಂಪ್ಯೂಟರನ್ನು ಭಂಗಾರ್ ಎಂದು ಅವನು, ಡಬ್ಬಿಯನ್ನು ಬಾಡಿಗೆ ಹಾಡಿನ ಡಬ್ಬಿ ಎಂದು ನಾನು. ಮೂರು ಭಾನುವಾರ ಅವನು ಬರಲೇ ಇಲ್ಲ. ಭಾಲ್ಕಿಯ ಬಸ್ಸು ಬರುವ ಹೊತ್ತಿಗೆ ನಾನು ಸುಮ್ಮಸುಮ್ಮನೆ ಗೇಟಿನ ಕೊಂಡಿ ರಿಪೇರಿ ಮಾಡುತ್ತಾ ನಿಲ್ಲುತ್ತಿದ್ದೆ. ಬೇಜಾರಾಗಿತ್ತು, ನನಗೆ ಬಹಳ ಬೇಜಾರಾಗಿತ್ತು. ಶೋಭಾ ಅದನ್ನು ನೋಡಲಾರದೆ ತಾನೇ ಅವನಿಗೆ ಫೋನು ಮಾಡಿ ಕರೆಸಿದಳು. ಇಬ್ಬರನ್ನೂ ಕೂಡಿಸಿ ಹೇಳಿದಳು, "ಹಾಲ್‌ನಾಗ ಒಂದೇ ಇರ್ಬೇಕು. ಯಾವುದು ಛಲೋ ಅಂತ ಮೂರನೇದವರು ಹೇಳ್ಲಿ. ಸೋತದ್ದು ಅಟ್ಟದ ಮ್ಯಾಲೆ ಹೋಗ್ಬೇಕು. ಡಬ್ಬಿ ಗೆದ್ರ ಕಿಟಕಿ ಬಾಜು ನನ್ನ ಮಷೀನ್ ಬರ್ತದ."

ಅಂದರೆ ನಾನು ಸೋತರೆ ಮೂರು ವರ್ಷದ ಕೆಲಸ ಹಳೆಯ ಹಂಡೆ, ಹರಿದ ಕೊಡೆಗಳ ಜೊತೆ ಅಟ್ಟ ಸೇರುತ್ತದೆ. ಒಪ್ಪಿದೆ, ಬೇರೆ ದಾರಿ ಇರಲಿಲ್ಲ.

ಮೂರನೆಯವರು ಮನೆಯಲ್ಲೇ ಇದ್ದರು. ಶೋಭಾಳ ತಾಯಿಯ ತಂಗಿ, ಡಾಬಕಾದ ಮಾವಶಿ. ಮಹಾರಾಷ್ಟ್ರದ ಗಡಿಗೆ ಒತ್ತಿಕೊಂಡ ಆ ಊರಿನಲ್ಲಿ ಮಾವಶಿಯದು ಹಿಟ್ಟಿನ ಗಿರಣಿ. ಮೂವತ್ತು ವರ್ಷದಿಂದ ತಾವೇ ನಡೆಸುತ್ತಾರೆ. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ, ಮೈಮೇಲೆಲ್ಲ ಜೋಳದ ಹಿಟ್ಟಿನ ವಾಸನೆ. ಕಣ್ಣಿನ ಪೊರೆ ತೆಗೆಸಲು ಬೀದರಿಗೆ ಬಂದು ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನಮ್ಮಲ್ಲಿ ಉಳಿದಿದ್ದರು. ಇನ್ನೊಂದು ಕಣ್ಣು ಮೊದಲೇ ಮಂಜು. ಇಂಥ ಪರೀಕ್ಷೆಯಲ್ಲಿ ಕೇಳುವವರಿಗೆ ಯಾವ ಡಬ್ಬಿ ನುಡಿಯುತ್ತಿದೆ ಎಂದು ಕಾಣಬಾರದು, ಕಂಡರೆ ಪಕ್ಷಪಾತವಾಗುತ್ತದೆ ಎಂಬುದು ನಮ್ಮಂಥವರ ಶಾಸ್ತ್ರ. ವಿದೇಶದಲ್ಲಿ ಇದಕ್ಕೆ ಪರದೆ ಕಟ್ಟುತ್ತಾರಂತೆ. ನಮಗೆ ಡಾಕ್ಟರೇ ಕಟ್ಟಿ ಕಳಿಸಿದ್ದರು.

ಮಾವಶಿಯನ್ನು ಎರಡು ಸ್ಪೀಕರಿಗೂ ಸಮದೂರದಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ನಾನು ಟೇಪು ಹಿಡಿದು ಅಳೆದೆ, ವೃತ್ತಿ ನೋಡಿ. ಎರಡರಲ್ಲೂ ಇದ್ದ ಒಂದು ಭಜನೆಯನ್ನು ಮೊದಲು ಅದರಿಂದ, ಆಮೇಲೆ ಇದರಿಂದ ಹಚ್ಚಿದ ಮಿಲಿಂದ.

"ಮಾವಶಿ, ಯಾವುದು ಛಲೋ ಅದ, ಅಷ್ಟೇ ಹೇಳ್ರಿ."

"ಎರಡೂ ಸಲ ಅದೇ ಹಾಡು ಹಚ್ಚಿದೆಲ್ಲಪ್ಪಾ. ಬ್ಯಾರೇದು ಇಲ್ಲೇನು?"

"ಹಾಡು ಅದೇನೇ ರೀ. ಫರಕ್ ಏನದ ಹೇಳ್ರಿ."

ಇನ್ನೊಮ್ಮೆ ಹಚ್ಚಿದ. ಮಾವಶಿ ಕತ್ತು ವಾರೆ ಮಾಡಿದರು. ಅವರು ಕೈ ಎತ್ತಿ, "ಜರಾ ಹಾಡು ಬಂದ್ ಮಾಡ್ರಿ. ಅದರ ಗಲಾಟೆದಾಗ ನನಗ ಏನೂ ಕೇಳಸವಲ್ದು" ಅಂದರು.

ಸಂಗೀತ ಪರೀಕ್ಷೆಯ ಚರಿತ್ರೆಯಲ್ಲಿ ಯಾರೂ ಕೇಳಿರದ ಬೇಡಿಕೆ ಇದು. ಹಾಡು ನಿಲ್ಲಿಸಿದೆವು. ಸ್ಪೀಕರಿನಿಂದ ನನ್ನ ತಂಬೂರಿ ಒಂಟಿಯಾಗಿ ಗುಂಯ್‌ಗುಟ್ಟಿತು. ಮಿಲಿಂದ ತಂತಿ ಬದಲಿಸಿದ, ನಿಶ್ಶಬ್ದ. ಮತ್ತೆ ಬದಲಿಸಿದ, ಗುಂಯ್.

"ಇದು ನೋಡ್ರಿ, ಇದರಾಗ ಮೋಟಾರ್ ಕೂತದ" ಎಂದರು ಮಾವಶಿ. ಮಿಲಿಂದ ಚಪ್ಪಾಳೆ ತಟ್ಟಿದ. ನನ್ನ ಕಣ್ಣ ಮುಂದೆ ಅಟ್ಟದ ಏಣಿ ಬಂದು ನಿಂತಿತು. ಆದರೆ ಮಾವಶಿಯ ಮಾತು ಮುಗಿದಿರಲಿಲ್ಲ.

"ನಿಮ್ಮ ಮನಿ ಅರ್ಥಿಂಗಿಗಿ ನೀರು ಹಾಕ್ತೀರಿಲ್ಲೋ?"

"ಏನಂದ್ರಿ?"

"ಅರ್ಥಿಂಗ್ ಬಾಬಾ, ಅರ್ಥಿಂಗ್. ಕರೆಂಟಿನ ತಂತಿ ಭೂಮ್ಯಾಗ ಹುಗದಿರ್ತಾರಲ್ಲ, ಆ ಕುಣಿ. ನಾ ದಿನಾ ಮುಂಜಾನಿ ದೀಪ ಹಚ್ಚಿ, ಕುಣಿಗಿ ಒಂದು ಕೊಡ ನೀರು ಹಾಕೇ ಗಿರಣಿ ಚಾಲೂ ಮಾಡ್ತೇನಿ. ಬ್ಯಾಸಗಿದಾಗ ಒಂದು ದಿನ ಮರತರ ಗಿರಣಿದಾಗಿನ ರೇಡಿಯೋ ಹಿಂಗೇ ಗುಂಯ್ ಅಂತದ. ಅದೇ ದಿನ ಮೋಟಾರ್ ಮುಟ್ಟಿದರ ಕೈ ಜುಮ್ ಅಂತದ. ನೀರು ಹಾಕಿದ್ರ ಎರಡೂ ಸುಮ್ನಾಗ್ತಾವ."

ನನಗೆ ಥಟ್ಟನೆ ಸಂತಪುರದ ನಮ್ಮ ಹಳೆಯ ಮನೆಯ ಹಿತ್ತಲು ಕಣ್ಣಿಗೆ ಬಂತು. ಅಪ್ಪನ ದೊಡ್ಡ ರೇಡಿಯೋದಿಂದ ಒಂದು ತಂತಿ ಕಿಟಕಿ ದಾಟಿ, ಗೋಡೆಗುಂಟ ಇಳಿದು, ಅಜ್ಜಿ ಪಾತ್ರೆ ತೊಳೆಯುವ ಕಲ್ಲಿನ ಪಕ್ಕದಲ್ಲಿ ನೆಲದೊಳಗೆ ಹೋಗುತ್ತಿತ್ತು. ವಾರ್ತೆಯ ಹೊತ್ತಿಗೆ ಕರಕರ ಜಾಸ್ತಿಯಾದರೆ ಅಪ್ಪ ಒಳಗಿಂದ ಕೂಗುತ್ತಿದ್ದರು, ಅಜ್ಜಿ ಪಾತ್ರೆ ತೊಳೆದ ನೀರನ್ನು ಆ ಬುಡಕ್ಕೆ ಸುರಿದು "ರೇಡಿಯೋಕ ನೀರು ಕುಡ್ಸೀನಿ, ಈಗ ಕೇಳು" ಅನ್ನುತ್ತಿದ್ದಳು. ಅಲ್ಲಿ ಸದಾ ಒಂದು ಕೆಸುವಿನ ಗಿಡ ಹುಲುಸಾಗಿ ಬೆಳೆದಿರುತ್ತಿತ್ತು. ಇದನ್ನು ನೋಡುತ್ತಲೇ ಬೆಳೆದವನು ನಾನು. ಓದಿ ನೌಕರಿ ಹಿಡಿದ ಮೇಲೆ ಎಲ್ಲ ಮರೆತು ತಂಬೂರಿ ಎಂದೆ.

ಮಾವಶಿಯ ಬಾಯಿಂದ ಜುಮ್ ಎಂಬ ಮಾತು ಬಂದದ್ದೇ ಶೋಭಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿ ಹಿಟ್ಟು, ಕಾಲಲ್ಲಿ ಹವಾಯಿ ಚಪ್ಪಲಿ.

"ಮಾವಶಿ, ನಮ್ಮ ಫ್ರಿಜ್ಜೂ ಜುಮ್ ಅಂತದ. ಇವರು ಹಾಡು ಹಚ್ಚಿದಾಗ."

ಮಿಲಿಂದನ ನಗು ಅಲ್ಲೇ ನಿಂತಿತು. "ಯಾವಾಗಿಂದ, ವೈನಿ?"

"ಎರಡು ವರ್ಷ ಆತ್ರಿ. ಇವರಿಗಿ ಹೇಳೀನಿ. ನಿಮಗೂ ಗೊತ್ತದ, ನಕ್ಕಿದ್ರಲ್ಲ."

ಮಿಲಿಂದ ನನ್ನ ಕಡೆ ತಿರುಗಿದ. "ನಿಮ್ಮ ಅರ್ಥಿಂಗ್ ಕುಣಿ ಎಲ್ಲದ?"

ನಾನು ಅಂಗಳದ ಕಡೆ ನೋಡಿದೆ. ಕುಣಿ ಇತ್ತು, ಮನೆ ಕಟ್ಟಿದಾಗ ತೋಡಿಸಿದ ಗುಂಡಿ. ಎರಡು ವರ್ಷದ ಹಿಂದೆ, ಕೆಂಪು ಧೂಳು ಹಾರಿಬಂದು ನನ್ನ ಸ್ಪೀಕರುಗಳ ಮೇಲೆ ಕೂರುತ್ತದೆಂದು, ಅಂಗಳಕ್ಕೆಲ್ಲ ಟೈಲ್ಸು ಹಾಕಿಸಿದ್ದೆ. ಕುಣಿ ಟೈಲ್ಸಿನ ಕೆಳಗೆ ಹೋಗಿತ್ತು. ಮುರುಮಿನ ನೆಲ, ಮೇಲೆ ಹನಿ ನೀರು ಇಳಿಯದಂಥ ಹೊದಿಕೆ. ನೆಲ ಒಣಗಿ ಕಲ್ಲಾಗದೆ ಇನ್ನೇನು? ಕಂಪ್ಯೂಟರಿನಿಂದ ಸೋರುವ ಚೂರುಪಾರು ಕರೆಂಟು ಭೂಮಿಗೆ ಹೋಗಲು ದಾರಿಯಿಲ್ಲದೆ ಅರ್ಧ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತಿತ್ತು, ಅರ್ಧ ಅದೇ ಅರ್ಥಿಂಗ್ ತಂತಿ ಹಿಡಿದು ಫ್ರಿಜ್ಜಿನ ಮೈಗೆ ಬಂದು ಶೋಭಾಳ ಒದ್ದೆ ಕೈಗಾಗಿ ಕಾಯುತ್ತಿತ್ತು. ಭಾಲ್ಕಿಯಲ್ಲಿ ಕರಿಮಣ್ಣು, ತಂಪು ನೆಲ, ಅಲ್ಲಿ ಎಲ್ಲ ಸರಿ. ಮಿಲಿಂದನ ಡಬ್ಬಿಗೆ ಎರಡೇ ಕಡ್ಡಿಯ ಪಿನ್ನು, ಅದಕ್ಕೆ ಅರ್ಥಿಂಗಿನ ಹಂಗೇ ಇಲ್ಲ. ಮಣ್ಣು ಗೊತ್ತಿದ್ದ ಸರ್ವೇಯರ್ ಮತ್ತು ಕರೆಂಟು ಗೊತ್ತಿದ್ದ ಮಾಸ್ತರ, ಇಬ್ಬರೂ ಸೇರಿ ಗಾಳಿಯ ದಪ್ಪ ಲೆಕ್ಕ ಹಾಕುತ್ತಿದ್ದೆವು.

ನಾನು ಎದ್ದು ಅಡುಗೆಮನೆಗೆ ಹೋದೆ. ಚಪ್ಪಲಿ ಬಿಟ್ಟೆ. ಪಾತ್ರೆ ತೊಳೆದ ನೀರು ನೆಲದ ಮೇಲಿತ್ತು. ಮಿಲಿಂದ ಹಿಂದಿನಿಂದ "ಏ ಹುಚ್ಚಾ, ಮುಟ್ಟಬ್ಯಾಡ" ಎಂದು ಕೂಗಿದ. ಆಗಲೇ ಫ್ರಿಜ್ಜಿನ ಹಿಡಿಕೆಗೆ ಕೈ ಇಟ್ಟಿದ್ದೆ.

ಜುಮ್ ಅಂತು. ಬೆರಳಿನಿಂದ ಮೊಣಕೈವರೆಗೆ ಇರುವೆಗಳ ಸಾಲು ಓಡಿದಂತಾಯಿತು. ಕೈ ತಾನಾಗಿ ಹಿಂದೆ ಬಂತು.

"ಇದು ದಿನಾಲೂ ಆಗ್ತಿತ್ತೇನು?" ಎಂದು ಶೋಭಾಳನ್ನು ಕೇಳಿದೆ.

"ದಿನಾಲೂ ಇಲ್ಲ" ಎಂದಳು. "ನೀವು ಹಾಡು ಹಚ್ಚಿದ ದಿನ."

ನಾನು ಹಾಡು ಹಚ್ಚದ ದಿನ ಯಾವುದು? ತಂತಿಗೂ ತಂತಿಗೂ ನಡುವಿನ ದನಿಯ ವ್ಯತ್ಯಾಸ ಕೇಳಿಸುತ್ತದೆಂದು ಕೊಚ್ಚಿಕೊಂಡ ಕಿವಿಗೆ, ಹತ್ತು ಅಡಿ ದೂರದಿಂದ ಹೆಂಡತಿ ಎರಡು ವರ್ಷ ಹೇಳಿದ್ದು ಕೇಳಿಸಿರಲಿಲ್ಲ. ಫ್ರಿಜ್ಜಿನೊಳಗಿನ ಒಂದು ತಂತಿಯ ಸಿಪ್ಪೆ ಸುಲಿದು ಅದರ ಮೈಗೆ ತಾಗಿದ್ದರೆ ಏನಾಗುತ್ತಿತ್ತು ಎಂದು ಮಿಲಿಂದ ತಗ್ಗಿದ ದನಿಯಲ್ಲಿ ಹೇಳಿದ. ನಾನು ಹೊಲಿಗೆ ಮಷೀನಿನ ಸ್ಟೂಲಿನ ಮೇಲೆ ಕೂತುಬಿಟ್ಟೆ. ತಮಾಷೆಯಲ್ಲ, ಅವತ್ತು ನನಗೆ ಅಳು ಬಂತು. ಅವಳ ಪ್ರಾಣ ಉಳಿಸಿದ್ದು ಆ ಹವಾಯಿ ಚಪ್ಪಲಿ, ನಾನು ನಟಿಸಿ ನಗಿಸಿದ ಚಪ್ಪಲಿ.

ಹಾರೆ ತಂದು ನಾನೇ ಟೈಲ್ಸು ಒಡೆದೆ. ಎಲೆಕ್ಟ್ರಿಷಿಯನ್ ಬಂದು ಮನೆಯ ಮೇನ್ ಬಂದ್ ಮಾಡಿದ. ಕುಣಿಯಲ್ಲಿ ತಂತಿ ತುಕ್ಕು ಹಿಡಿದು ನಟ್ಟಿನಿಂದ ಕಳಚಿ ನೇತಾಡುತ್ತಿತ್ತು. ಅದನ್ನು ತೆಗೆದು ಹೊಸ ತಂತಿ ಬಿಗಿದ, ಇದ್ದಲು ಮತ್ತು ಉಪ್ಪು ತುಂಬಿದ, ಕರೆಂಟು ಸೋರಿದರೆ ತಾನಾಗಿ ಬಂದ್ ಆಗುವ ಕಾವಲಿನ ಸ್ವಿಚ್ಚೊಂದನ್ನೂ ಕೂರಿಸಿದ. ಮಾವಶಿ ಪಟ್ಟಿ ಕಟ್ಟಿದ ಕಣ್ಣಿನಲ್ಲೇ ಕುರ್ಚಿ ಹಾಕಿಕೊಂಡು ಕೂತು ಉಸ್ತುವಾರಿ ಮಾಡಿದರು. "ಇನ್ನ ಹಾಕ್ರಿ, ಇನ್ನ ಹಾಕ್ರಿ, ಇದು ಬೀದರ್ ಮಣ್ಣು, ಪೂರಾ ಕುಡಿತದ." ಮಿಲಿಂದ ಪ್ಯಾಂಟು ಮಡಚಿ ನಲ್ಲಿಯಿಂದ ಬಕೆಟ್ಟು ಹೊತ್ತ. ಒಂದೊಂದು ಬಕೆಟ್ಟೂ ಗಟಗಟ ಎಂದು ಮಾಯವಾಗುತ್ತಿತ್ತು.

ಸಂಜೆ ಎರಡನ್ನೂ ಹಚ್ಚಿದೆವು. ಕಂಪ್ಯೂಟರಿನಲ್ಲಿ ಗುಂಯ್ ಇಲ್ಲ, ಡಬ್ಬಿಯಲ್ಲೂ ಇಲ್ಲ. ಯಾವುದು ಯಾವುದೆಂದು ನನಗೂ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ. ಮಾವಶಿಯನ್ನು ಕೇಳಿದರೆ, "ಎರಡೂ ಸುಮ್ನಾದವಲ್ಲ, ಇನ್ನ ನನಗ ಬಿಡ್ರಿ" ಎಂದು ಒಳಗೆ ಹೋದರು. ಕರಾರಿನ ಪ್ರಕಾರ ಕಂಪ್ಯೂಟರ್ ಸೋತಿರಲಿಲ್ಲ. ಆದರೂ ನಾನೇ ಅದನ್ನು ಎತ್ತಿ ಅಟ್ಟಕ್ಕಿಟ್ಟೆ. ಡಿಸ್ಕನ್ನು ಮಾತ್ರ ಬಿಚ್ಚಿ ಏನು ಮಾಡಲೆಂದು ನಿಂತಾಗ ಮಿಲಿಂದ ಅದನ್ನು ಡಬ್ಬಿಯ ಹಿಂಬದಿಗೆ ಒಂದು ತಂತಿಯಿಂದ ಹಚ್ಚಿದ. ನಮ್ಮ ಕ್ಯಾಸೆಟ್ಟುಗಳೆಲ್ಲ, ಕೆಮ್ಮಿದವರ ಹೆಸರಿನ ಸಮೇತ, ಫೋನಿನಲ್ಲಿ ಕಂಡವು.

"ಇದನ್ನ ಮೊದಲನೇ ದಿನಾನೇ ಹೇಳಿದ್ನೆಲ್ಲೋ" ಎಂದ ಮಿಲಿಂದ. ಹೇಳಿದ್ದಿರಬೇಕು.

ಹೊಲಿಗೆ ಮಷೀನು ಕಿಟಕಿಗೆ ಬಂತು. ಭಾನುವಾರ ಭಾಲ್ಕಿಯ ಬಸ್ಸಿಗೆ ಮಿಲಿಂದ ಬರುತ್ತಾನೆ. ನಾನು ದಿನಾ ಬೆಳಿಗ್ಗೆ ಅಂಗಳದ ಕುಣಿಗೆ ಒಂದು ಕೊಡ ನೀರು ಹಾಕುತ್ತೇನೆ. ಅದರ ಪಕ್ಕದಲ್ಲಿ ಒಂದು ಕೆಸುವಿನ ಗಿಡ ಎದ್ದಿದೆ. ಫ್ರಿಜ್ಜು ಈಗ ಬರಿಗೈಗೆ, ಬರಿಗಾಲಿಗೆ ಏನೂ ಅನ್ನುವುದಿಲ್ಲ, ನಾನೇ ನಿತ್ಯ ಮುಟ್ಟಿ ನೋಡುತ್ತೇನೆ. ಆದರೂ ಶೋಭಾ ಹಾಲು ತೆಗೆಯಲು ಹೋದರೆ ಮೊದಲು ಆ ಚಪ್ಪಲಿ ಮೆಟ್ಟುತ್ತಾಳೆ. ಒಂದು ದಿನ ತಡೆಯಲಾರದೆ ಕೇಳಿದೆ, "ಈಗ ಜುಮ್ ಅನ್ನಲ್ಲಲ್ಲ, ಇನ್ನೂ ಯಾಕ ಹಾಕ್ತಿ?"

"ಎರಡು ವರ್ಷ ನಾ ಹೇಳೀನಿ. ಎರಡು ವರ್ಷ ನೀವು ನೀರು ಹಾಕ್ರಿ. ಆಮ್ಯಾಲೆ ಬಿಡ್ತೇನಿ" ಎಂದಳು.

ಇನ್ನೂ ಹದಿನಾರು ತಿಂಗಳಿದೆ.